ನಲವತ್ತೆಂಟು ಅಂಗುಲ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಮದುವೆಯ ವಿಚಾರ ನನಗಿನ್ನೂ ತಿಳಿಯದು, ಅಂತಿಮ ಬಿ.ಎ. ತರಗತಿಯ ಪಠ್ಯಕ್ರಮದಲ್ಲಿ ಆ ಪಾಠ ಸೇರಿಲ್ಲ. ಮನೆ ಕಟ್ಟುವುದನ್ನು ಮಾತ್ರ ಕಳೆದ ಒಂದು ವರ್ಷದಿಂದ ಕಣ್ಣಾರೆ ನೋಡಿದ್ದೇನೆ. ಅದೆಲ್ಲವನ್ನೂ ಹೇಳಹೊರಟರೆ ಈ ಸಂಚಿಕೆಯ ಸಂಪಾದಕರು ಮೊದಲ ಪುಟದಲ್ಲಿಯೇ ಕೆಂಪು ಪೆನ್ಸಿಲು ಹಿಡಿಯುವುದು ಖಂಡಿತ. ಆದುದರಿಂದ ಇಡೀ ಮನೆಯನ್ನು ಬಿಟ್ಟು, ಅಡಿಗೆಮನೆಯ ಕಟ್ಟೆಯ ಕೆಳಗಿನ ನಲವತ್ತೆಂಟು ಅಂಗುಲ ಜಾಗದ ಕಥೆಯನ್ನಷ್ಟೆ ಇಲ್ಲಿ ಹೇಳುತ್ತೇನೆ. ನಲವತ್ತೆಂಟು ಅಂಗುಲದಲ್ಲಿ ಹೇಳುವಂಥದು ಏನಿದೆ ಎಂದು ವಾಚಕರು ಕೇಳಬಹುದು. ನಾನೂ ಮೊದಲು ಹಾಗೆಯೇ ಕೇಳಿದ್ದೆ.

ನಮ್ಮ ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಇಪ್ಪತ್ತೈದು ವರ್ಷಗಳಿಂದ ಊರವರಿಗೆಲ್ಲ ಮನೆ ಕಟ್ಟಿಕೊಟ್ಟು, ತಾವು ಮಾತ್ರ ಸೋರುವ ಹಂಚಿನ ಮನೆಯಲ್ಲಿ ಬಾಡಿಗೆ ಕೊಟ್ಟುಕೊಂಡು ಇದ್ದವರು. ಅವ್ವ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವವಳು. ಅವಳು ಬೇಯಿಸಿದ ಅನ್ನವನ್ನು ಉಂಡ ಮಕ್ಕಳಲ್ಲಿ ನಾನೂ ಒಬ್ಬ. ಇಬ್ಬರ ದುಡಿಮೆಯಲ್ಲಿ ಉಳಿದುದನ್ನೂ ಸ್ವಲ್ಪ ಸಾಲವನ್ನೂ ಕೂಡಿಸಿ, ಊರಾಚೆಯ ಚಿಕ್ಕ ನಿವೇಶನದಲ್ಲಿ ಒಂದು ಮನೆ ಎಬ್ಬಿಸುವುದೆಂದು ಕಳೆದ ವರ್ಷ ನಿಶ್ಚಯವಾಯಿತು. ಆ ಮನೆಯಲ್ಲಿ ಅಡಿಗೆಮನೆಗೆ ದೊರೆತುದು ೮ ಅಡಿ ಉದ್ದ, ೭ ಅಡಿ ಅಗಲ.

ಹಳೆಯ ಮನೆಯಲ್ಲಿ ಅವ್ವನ ಪಾತ್ರೆ ಪಡಗಗಳೆಲ್ಲ ನೆಲದ ಮೇಲೆ, ಒಲೆಯ ಕಲ್ಲಿನ ಅಡಿಯಲ್ಲಿ, ಮೂಲೆಯಲ್ಲಿ ಇದ್ದುವು. ಉಪ್ಪು ಬೇಕಾದರೂ ಕೂರಬೇಕು, ತಟ್ಟೆ ಬೇಕಾದರೂ ಕೂರಬೇಕು. ಎರಡು ವರ್ಷಗಳಿಂದ ಅವಳಿಗೆ ಮಂಡಿನೋವು. ಕುಕ್ಕರಗಾಲಿನಲ್ಲಿ ಕೂರಬಾರದೆಂದು ವೈದ್ಯರು ಹೇಳಿದ್ದರು. ಅವರ ಮಾತನ್ನು ಅವ್ವ ಬಹಳ ಗೌರವದಿಂದ ಕೇಳಿಕೊಂಡು ಬಂದು, ಮಾರನೆಯ ಬೆಳಗ್ಗೆ ಎಂದಿನಂತೆ ಕುಕ್ಕರಗಾಲಿನಲ್ಲಿ ಕುಳಿತಳು. ಕೂರದೆ ಅಡಿಗೆ ಆಗುವುದಾದರೂ ಹೇಗೆ? ಆದುದರಿಂದ ಹೊಸ ಮನೆಯಲ್ಲಿ ನಿಂತು ಅಡಿಗೆ ಮಾಡುವ ಕಟ್ಟೆಯೂ, ಕಟ್ಟೆಯ ಕೆಳಗೆ ಎಳೆದರೆ ಬರುವ ಡ್ರಾಯರುಗಳೂ ಇರಬೇಕೆಂದು ಅಪ್ಪ ಹೇಳಿದರು. ಕಟ್ಟೆಯ ಕೆಳಗೆ ಬರಿಯ ಅರೆಗಳನ್ನು ಮಾಡಿ ಬಾಗಿಲು ಇಟ್ಟರೆ ಹಿಂದಿನ ಪಾತ್ರೆಯನ್ನು ತೆಗೆಯಲು ಮತ್ತೆ ನೆಲಕ್ಕೆ ಕೂರಲೇಬೇಕು. ಹಿಂದಿರುವುದನ್ನು ಮುಂದಕ್ಕೆ ತಂದು ಕೊಡುವುದೇ ಡ್ರಾಯರಿನ ಧರ್ಮ. ಹಣ ಹೆಚ್ಚು ತಗಲುವುದೆಂದು ಗೊತ್ತಿದ್ದೂ ಅಪ್ಪ ಈ ಒಂದು ವಿಷಯದಲ್ಲಿ ಹಿಂದೆಗೆಯಲಿಲ್ಲ.

ಡ್ರಾಯರನ್ನು ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆಯನ್ನು ನಮ್ಮ ಕನ್ನಡ ಅಧ್ಯಾಪಕರಿಗೆ ಬಿಡುತ್ತೇನೆ. ನಮ್ಮ ಬಡಗಿ ಆಚಾರ್ರು ಅದನ್ನು ‘ಡ್ರಾ’ ಎಂದರು. ಅವ್ವ ‘ಎಳೆಯೋ ಪೆಟ್ಟಿಗೆ’ ಎಂದಳು. ಹೆಸರು ಯಾವುದಾದರೂ ಇರಲಿ, ಅದರ ಅಗಲವನ್ನು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಏಕೆಂದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೆ. ಬ್ಯಾಂಕಿನ ಅರ್ಜಿ ತುಂಬುವವನು ನಾನು, ಕರೆಂಟಿನ ಬಿಲ್ಲು ಓದುವವನು ನಾನು, ಅಕ್ಕನ ಮದುವೆಯ ಲಗ್ನಪತ್ರಿಕೆಯ ಅಚ್ಚು ತಿದ್ದಿದವನು ನಾನು. ಈಗ ಡ್ರಾಯರಿನ ಅಳತೆಯೂ ನನ್ನದೆ.

“ಓದಿದೋನು ನೀನು. ಲೆಕ್ಕ ಹಾಕಿ ಒಂದು ನಕ್ಷೆ ಬರಿ. ಕಲ್ಲು ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳು, ನಿಲ್ಲಿಸ್ತೀನಿ” ಎಂದರು ಅಪ್ಪ.

ನೂರಾರು ಅಡಿಗೆಮನೆಗಳನ್ನು ಕಟ್ಟಿದವರು, ಊಟದ ಹೊತ್ತಿಗಲ್ಲದೆ ಅಡಿಗೆಮನೆಯ ಹೊಸ್ತಿಲು ತುಳಿಯದ ನನ್ನನ್ನು ಹೀಗೆ ಕೇಳಿದರು. ನನಗೆ ನಾಚಿಕೆಯಾಗಬೇಕಿತ್ತು. ನಿಜ ಹೇಳುವುದಾದರೆ ಹೆಮ್ಮೆಯಾಯಿತು.

ಕಲ್ಲಿನ ವಿಚಾರವನ್ನು ಇಲ್ಲಿಯೇ ತಿಳಿಸಿಬಿಡಬೇಕು. ನಮ್ಮ ಕಡೆ ಅಡಿಗೆಯ ಕಟ್ಟೆಯ ಗ್ರಾನೈಟು ಚಪ್ಪಡಿಯನ್ನು ಹೊರಲು ಅದರ ಅಡಿಯಲ್ಲಿ ಕಡಪ ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಅವು ನೆಲಕ್ಕೂ ಗೋಡೆಗೂ ಸಿಮೆಂಟಿನಲ್ಲಿ ಕೂತುಬಿಡುತ್ತವೆ. ಎರಡು ಕಲ್ಲುಗಳ ನಡುವಣ ಜಾಗವನ್ನು ಅಪ್ಪ ‘ಅಂಕಣ’ ಎನ್ನುತ್ತಾರೆ. ಹಳೆಯ ತೊಟ್ಟಿಯ ಮನೆಗಳ ಕಂಬಗಳ ನಡುವಣ ಜಾಗಕ್ಕೆ ಇದ್ದ ಹೆಸರೇ ಇಲ್ಲಿಗೂ ಬಂದಿದೆ. ಡ್ರಾಯರಿನ ಅಗಲ ಈ ಅಂಕಣದ ಅಗಲಕ್ಕೆ ಕಟ್ಟುಬಿದ್ದುದು. ಮರದ ಕೆಲಸ ತಪ್ಪಾದರೆ ಬಿಚ್ಚಿ ಮತ್ತೆ ಮಾಡಬಹುದು. ಕಲ್ಲು ತಪ್ಪಿದರೆ ಒಡೆಯಬೇಕು. ಒಡೆದು ಮತ್ತೆ ಕಟ್ಟುವಷ್ಟು ಹಣ ನಮ್ಮಲ್ಲಿರಲಿಲ್ಲ.

ಕಟ್ಟೆ ೮ ಅಡಿಯ ಗೋಡೆಗೆ ಒತ್ತಿಕೊಂಡು ಬರುವುದು. ಎಂದರೆ ೯೬ ಅಂಗುಲ. ಎಡತುದಿಯಲ್ಲಿ ಪಾತ್ರೆ ತೊಳೆಯುವ ಸಿಂಕಿಗೆ ೨೯ ಅಂಗುಲ. ಅದರ ಅಡಿಯಲ್ಲಿ ನೀರಿನ ಕೊಳವೆ ಇರುವುದರಿಂದ ಡ್ರಾಯರು ಕೂರದು. ಬಲತುದಿಯಲ್ಲಿ ಗ್ಯಾಸ್ ಸಿಲಿಂಡರಿಗೆ ೧೬ ಅಂಗುಲ, ೧೪.೨ ಕಿಲೋ ಅನಿಲದ ಮನೆಬಳಕೆಯ ಸಿಲಿಂಡರಿನ ಹೊಟ್ಟೆಯ ಅಗಲ ಸುಮಾರು ೧೩ ಅಂಗುಲ, ಅದನ್ನು ಹಿಡಿದು ಒಳಗೆ ಹೊರಗೆ ಮಾಡಲು ಕೈ ಆಡುವಷ್ಟು ಜಾಗ ಬೇಕು. ಮೂರು ನಿಲುವುಗಲ್ಲುಗಳ ದಪ್ಪ ಒಂದೊಂದು ಅಂಗುಲದಂತೆ ೩. ಇವೆಲ್ಲವನ್ನೂ ಕಳೆದರೆ ಡ್ರಾಯರುಗಳಿಗೆ ಉಳಿದುದು ೪೮ ಅಂಗುಲ. ಆ ಮೂರರಲ್ಲಿ ಎರಡು ಕಲ್ಲುಗಳ ಸ್ಥಾನ ಸಿಂಕಿನಿಂದಲೂ ಸಿಲಿಂಡರಿನಿಂದಲೂ ತಾನಾಗಿಯೇ ಗೊತ್ತಾಯಿತು. ನಡುವಿನ ಕಲ್ಲು ಎಲ್ಲಿ ಎಂಬುದೇ ನನ್ನ ಮುಂದಿದ್ದ ಪ್ರಶ್ನೆ.

ಪೇಟೆಯ ಅಂಗಡಿಯೊಂದರಿಂದ ಮಾಡ್ಯುಲರ್ ಅಡಿಗೆಮನೆಯ ಬಣ್ಣದ ಪುಸ್ತಿಕೆಯೊಂದನ್ನು ತಂದೆ. ಅದರಲ್ಲಿ ಡ್ರಾಯರಿನ ಪೆಟ್ಟಿಗೆಗಳಿಗೆ ೩೦೦, ೪೫೦, ೬೦೦, ೯೦೦ ಮಿಲಿಮೀಟರು ಎಂಬ ಅಗಲಗಳಿದ್ದುವು; ಆಚಾರ್ರ ಭಾಷೆಯಲ್ಲಿ ಹೇಳುವುದಾದರೆ ಸುಮಾರು ೧೨, ೧೮, ೨೪, ೩೬ ಅಂಗುಲ. ನಾನು ಹಿಂದುಮುಂದು ನೋಡದೆ ೪೮ನ್ನು ೧೨ರಿಂದ ಭಾಗಿಸಿದೆ. ಶೇಷವಿಲ್ಲದೆ ನಾಲ್ಕು ಬಂದಿತು. ನಾಲ್ಕು ಸಾಲು, ಸಾಲಿಗೆ ಮೂರರಂತೆ ಹನ್ನೆರಡು ಡ್ರಾಯರುಗಳು! ಒಂದೊಂದರ ಮೇಲೆಯೂ ಸಾಸಿವೆ, ಜೀರಿಗೆ, ಮೆಂತ್ಯ, ಚಮಚ, ಲೋಟ ಎಂದು ದುಂಡಾಗಿ ಹೆಸರು ಬರೆದೆ. ನಕ್ಷೆ ಬಹಳ ಮುದ್ದಾಗಿ ಬಂದಿತ್ತು.

ಆಚಾರ್ರು ಅದನ್ನು ಕೈಯಲ್ಲಿ ಹಿಡಿದು ದೂರಕ್ಕೊಮ್ಮೆ ಹತ್ತಿರಕ್ಕೊಮ್ಮೆ ನೋಡಿದರು. “ಬಲು ಚೆನ್ನಾಗದೆ ಮೇಸ್ತ್ರಿ, ನಾಟಿ ವೈದ್ಯರ ಅಂಗಡಿ ಇದ್ದಂಗದೆ” ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿ, “ಇದ್ರೊಳಗೆ ಊಟದ ತಟ್ಟೆ ಎಲ್ಲಿ ಇಡ್ತೀರಪ್ಪ?” ಎಂದರು.

೧೨ ಅಂಗುಲದ ಡ್ರಾಯರಿನಲ್ಲಿ ೧೨ ಅಂಗುಲದ ತಟ್ಟೆ ಹಿಡಿಯುವುದೆಂದು ನಾನು ನಂಬಿದ್ದೆ. ಆಚಾರ್ರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಹಲಗೆಯ ಮೇಲೆಯೇ ಲೆಕ್ಕ ಬರೆದರು. ಪೆಟ್ಟಿಗೆಯ ಎರಡು ಪಕ್ಕದ ಹಲಗೆಗಳು ಮುಕ್ಕಾಲು ಅಂಗುಲದಂತೆ ಒಂದೂವರೆ. ಡ್ರಾಯರು ಜಾರುವ ಉಕ್ಕಿನ ಚಾನೆಲ್ಲುಗಳು ಪಕ್ಕಕ್ಕೆ ಅರ್ಧ ಅಂಗುಲದಂತೆ ಒಂದು. ಡ್ರಾಯರಿನ ಸ್ವಂತ ಪಕ್ಕಗಳು ಅರ್ಧರ್ಧ, ಸೇರಿ ಮತ್ತೊಂದು. ಒಟ್ಟು ಮೂರೂವರೆ ಅಂಗುಲ! ಹೊರಗಿನ ೧೨ರಲ್ಲಿ ಒಳಗೆ ಉಳಿಯುವುದು ಎಂಟೂವರೆ. ತಟ್ಟೆಯ ಮಾತು ಹಾಗಿರಲಿ, ಅವ್ವನ ದುಂಡು ಮಸಾಲೆ ಡಬ್ಬಿಯೇ ಅದರೊಳಗೆ ಇಳಿಯದು.

ಆ ರಾತ್ರಿ ನಾನು ಕುಳಿತು ಲೆಕ್ಕವನ್ನು ಮುಂದುವರಿಸಿದೆ. ಅರ್ಥಶಾಸ್ತ್ರದ ತರಗತಿಯಲ್ಲಿ ಸ್ಥಿರ ವೆಚ್ಚ ಎಂಬುದೊಂದನ್ನು ಓದಿದ್ದೇವಷ್ಟೆ. ಎಷ್ಟು ಸರಕು ತಯಾರಿಸಿದರೂ ಬದಲಾಗದ ವೆಚ್ಚ. ಈ ಮೂರೂವರೆ ಅಂಗುಲ ಅಂಥದೇ. ಡ್ರಾಯರು ಕಿರಿದಾಗಲಿ ಅಗಲವಾಗಲಿ, ಸಾಲೊಂದಕ್ಕೆ ಮೂರೂವರೆ ಅಂಗುಲದ ಸುಂಕ ತೆರಲೇಬೇಕು. ನಾಲ್ಕು ಸಾಲು ಮಾಡಿದರೆ ೪೮ರಲ್ಲಿ ೧೪ ಅಂಗುಲ ಹೋಗಿ ೩೪ ಉಳಿಯುವುದು. ಮೂರು ಮಾಡಿದರೆ ಹತ್ತೂವರೆ ಹೋಗಿ ಮೂವತ್ತೇಳೂವರೆ. ಎರಡು ಮಾಡಿದರೆ ೭ ಹೋಗಿ ೪೧. ಒಂದೇ ಮಾಡಿದರೆ ನಲವತ್ತನಾಲ್ಕೂವರೆ ದೊರೆಯುವುದು ನಿಜ. ಆದರೆ ನಾಲ್ಕಡಿ ಅಗಲದ ಡ್ರಾಯರಿನ ತಳದ ಹಲಗೆ ಭಾರಕ್ಕೆ ಜೋಲುವುದೆಂದೂ, ಆಳಕ್ಕಿಂತ ಅಗಲ ತೀರ ಹೆಚ್ಚಾದ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆದರೆ ಅದು ಓರೆಯಾಗಿ ಸಿಕ್ಕಿಕೊಳ್ಳುವುದೆಂದೂ ಆಚಾರ್ರು ಮೊದಲೇ ಎಚ್ಚರಿಸಿದ್ದರು. ಅಲ್ಲದೆ ಗ್ರಾನೈಟಿನ ಅಡಿಯಲ್ಲಿ ನಡುವೆ ಒಂದು ಕಲ್ಲು ಬೇಕೇ ಬೇಕೆಂದು ಅಪ್ಪನ ಹಟ. ಆದುದರಿಂದ ಎರಡು ಸಾಲು ಎಂದು ತೀರ್ಮಾನಿಸಿದೆ. ಚಾನೆಲ್ಲಿನ ಜೋಡಿಗಳೂ ಹನ್ನೆರಡರಿಂದ ಆರಕ್ಕೆ ಇಳಿದುವು.

ಎರಡು ಸಾಲು ಎಂದಮೇಲೆ ೨೪ ಮತ್ತು ೨೪. ಇದರಲ್ಲಿ ಯೋಚಿಸುವುದೇನು? ನಡುವಿನ ಕಲ್ಲು ನಟ್ಟನಡುವೆ. ಹೊಸ ನಕ್ಷೆಯನ್ನು ಬೆಳಗ್ಗೆ ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಓದಲಾರರು. ಆದರೂ ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, “ನಾಳೆ ಕಲ್ಲು ನಿಲ್ಲಿಸಾನ” ಎಂದರು.

ಆ ಸಂಜೆ ಅವ್ವ ಶಾಲೆಯಿಂದ ಬಂದವಳು ಹೊಸ ಮನೆಯ ಕಡೆಗೆ ಬಂದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಹಳ ಸಂಕೋಚದಿಂದ, ಸಾಹೇಬರನ್ನು ಕೇಳುವಂತೆ, “ಮಗ, ಮುದ್ದೆ ಕೋಲು ಎಲ್ಲಿಡಾದು?” ಎಂದಳು.

ನಮ್ಮ ಮನೆಯ ಮುದ್ದೆ ಕೋಲು ಎರಡಡಿ ಉದ್ದದ್ದು. ನನ್ನ ಡ್ರಾಯರಿನ ಒಳಗಿನ ಅಗಲ ಇಪ್ಪತ್ತೂವರೆ ಅಂಗುಲ, ಆಳ ೧೯ ಅಂಗುಲ. ಅಡ್ಡಲಾಗಿಯೂ ಹಿಡಿಯದು, ಉದ್ದಕ್ಕೂ ಹಿಡಿಯದು. ಆದರೆ ನಾನು ಸುಲಭವಾಗಿ ಸೋಲುವವನೆ? ಪ್ರೌಢಶಾಲೆಯ ರೇಖಾಗಣಿತವನ್ನು ನೆನೆದು, “ಮೂಲೆಯಿಂದ ಮೂಲೆಗೆ ಸುಮಾರು ಇಪ್ಪತ್ತೆಂಟು ಅಂಗುಲ ಬರ್ತದೆ ಅವ್ವ. ಓರೆಯಾಗಿ ಇಟ್ಟರೆ ಹಿಡಿಸ್ತದೆ” ಎಂದೆ.

“ಓರೆಯಾಗಿ ಕೋಲು ಮಲಗಿದ್ರೆ ಮಿಕ್ಕಿದ್ನೆಲ್ಲ ಎಲ್ಲಿ ಮಲಗಿಸಾದು?” ಎಂದು ಅವಳು ನಕ್ಕಳು. ಕೂಡಲೆ ನಗೆಯನ್ನು ನಿಲ್ಲಿಸಿ, “ಹೋಗ್ಲಿ ಬುಡು. ನೀನು ಓದಿದೋನು, ಲೆಕ್ಕ ಹಾಕಿ ಮಾಡಿರ್ತೀಯ. ಕೋಲು ಗೋಡೆಗೆ ಒರಗಿಸ್ಕತೀನಿ” ಎಂದಳು.

ಪೈಥಾಗೊರಸನ ಪ್ರಮೇಯ ಎಷ್ಟು ನಿಜವೋ ಅವಳ ಪ್ರಶ್ನೆಯೂ ಅಷ್ಟೇ ನಿಜ. ಆದರೆ ನನ್ನನ್ನು ಚುಚ್ಚಿದುದು ಪ್ರಶ್ನೆಯಲ್ಲ. ‘ಹೋಗ್ಲಿ ಬುಡು’ ಎಂಬ ಮಾತು. ನೂರು ಮಕ್ಕಳಿಗೆ ಒಂದು ಹೊತ್ತಿಗೆ ಅಡಿಗೆ ಮಾಡಿ ಬಡಿಸುವವಳು, ತನ್ನ ಅಡಿಗೆಮನೆಯ ವಿಚಾರದಲ್ಲಿ ನನ್ನ ಮುಂದೆ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳು ಮೊದಲು ಹೀಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ತಲೆಯ ಮೇಲೆ ಮೊಟಕಿ ಹೇಳುತ್ತಿದ್ದಳು. ಯಾವಾಗಿನಿಂದ ಈ ಸಂಕೋಚ ಬಂದಿತು? ಲೆಕ್ಕ ಹಾಕಿದರೆ ನಾನು ಕಾಲೇಜಿಗೆ ಸೇರಿದ ವರ್ಷಕ್ಕೇ ಹೋಗಿ ನಿಲ್ಲುತ್ತದೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಮೊದಲನೆಯ ಮಹಾಯುದ್ಧದ ನಂತರದ ಜರ್ಮನಿಯನ್ನು ಇತಿಹಾಸದ ತರಗತಿಯಲ್ಲಿ ಓದುತ್ತಿದ್ದಾಗ, ಕುತೂಹಲದಿಂದ ಓದಿಕೊಂಡ ಒಂದು ಸಂಗತಿ ನೆನಪಿಗೆ ಬಂದಿತು. ಯುದ್ಧದ ತರುವಾಯ ಅಲ್ಲಿ ವಾಸದ ಮನೆಗಳಿಗೆ ಬಹಳ ಬರ. ಫ್ರಾಂಕ್‌ಫರ್ಟ್ ನಗರದಲ್ಲಿ ಎರ್ನ್‌ಸ್ಟ್ ಮೈ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಸಾಮಾನ್ಯ ಜನರಿಗಾಗಿ ಸಾವಿರಾರು ಮನೆಗಳನ್ನು ಕಟ್ಟಿದರು. ಅವುಗಳ ಅಡಿಗೆಮನೆಯನ್ನು ೧೯೨೬ರಲ್ಲಿ ರೂಪಿಸಿದವಳು ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಿಯೆನ್ನಾದ ಮಹಿಳೆ. ಸುಮಾರು ೧.೯ ಮೀಟರು ಅಗಲ, ೩.೪ ಮೀಟರು ಉದ್ದದ ಇಕ್ಕಟ್ಟಾದ ಜಾಗ. ರೈಲಿನ ಊಟದ ಡಬ್ಬಿಯ ಅಡಿಗೆಮನೆಯನ್ನು ನೋಡಿ, ಹೆಜ್ಜೆಗಳನ್ನು ಎಣಿಸಿ, ಎಲ್ಲವೂ ಕೈಗೆಟಕುವಂತೆ ಅವಳು ಅದನ್ನು ಯೋಜಿಸಿದಳು. ಅಕ್ಕಿ, ಸಕ್ಕರೆ ಮುಂತಾದುವಕ್ಕೆ ಹಿಡಿಯುಳ್ಳ ಅಲ್ಯುಮಿನಿಯಂ ಎಳೆಪೆಟ್ಟಿಗೆಗಳು, ಒಂದೊಂದರ ಮೇಲೂ ಹೆಸರು. ಅಂಥ ಅಡಿಗೆಮನೆಗಳು ಹತ್ತು ಸಾವಿರದಷ್ಟು ತಯಾರಾದುವು. ಇಂದಿನ ಮಾಡ್ಯುಲರ್ ಅಡಿಗೆಮನೆಗಳ ಮೂಲವನ್ನು ಅಲ್ಲಿಯೇ ಗುರುತಿಸುತ್ತಾರೆ.

ನನಗೆ ನೆನಪಾದುದು ಅವಳ ಜಾಣ್ಮೆಯಷ್ಟೇ ಅಲ್ಲ. ಆ ಅಡಿಗೆಮನೆಯನ್ನು ರೂಪಿಸುವ ಮುನ್ನ ತಾನು ಅಡಿಗೆ ಮಾಡಿದವಳೇ ಅಲ್ಲವೆಂದು ಆಕೆಯೇ ಮುಂದೆ ಒಪ್ಪಿಕೊಂಡಳು. ೧೮೯೭ರಲ್ಲಿ ಹುಟ್ಟಿ ೨೦೦೦ದವರೆಗೆ ಬಾಳಿದ ಆ ದೊಡ್ಡ ಹೆಂಗಸು ನೂರು ವರ್ಷ ದಾಟಿದ ಮೇಲೂ ಜನ ತನ್ನನ್ನು ಅಡಿಗೆಮನೆಯೊಂದರಿಂದಲೇ ಗುರುತಿಸುವುದನ್ನು ಕಂಡವಳು. ಅವಳಿಗೂ ನನಗೂ ಎಲ್ಲಿಂದೆಲ್ಲಿಗೆ ಹೋಲಿಕೆ! ಒಂದೇ ಒಂದು ವಿಷಯದಲ್ಲಿ ನಾವಿಬ್ಬರೂ ಸಮಾನರು: ಅಡಿಗೆ ಬಾರದು. ಅವಳಾದರೋ ಬಾರದ್ದನ್ನು ಹೆಜ್ಜೆ ಎಣಿಸಿ, ಅಳೆದು, ನೋಡಿ ತಿಳಿದುಕೊಂಡಳು. ನಾನು ಪುಸ್ತಿಕೆಯನ್ನು ನೋಡಿದೆ, ಆಚಾರ್ರನ್ನು ಕೇಳಿದೆ, ಪೈಥಾಗೊರಸನನ್ನೂ ಕೇಳಿದೆ, ಅವ್ವನೊಬ್ಬಳನ್ನು ಕೇಳಲಿಲ್ಲ.

ಬೆಳಗಾಗುತ್ತಲೆ ಅಪ್ಪ ಗಾರೆ ಕಲಸಲು ಹೊರಟರು. “ಒಂದು ಗಳಿಗೆ ನಿಲ್ಲಿ ಅಪ್ಪ. ಅವ್ವ ಬರಲಿ” ಎಂದೆ. ಅಂದು ಭಾನುವಾರ, ಅವಳಿಗೆ ಶಾಲೆಯಿರಲಿಲ್ಲ. ಒಂದು ಮಂಕರಿಯಲ್ಲಿ ಅವಳ ಪಾತ್ರೆಗಳನ್ನೆಲ್ಲ ತುಂಬಿಸಿಕೊಂಡು ಹೊಸ ಮನೆಗೆ ಹೊತ್ತುಕೊಂಡು ಹೋದೆ. ನೆಲದ ಮೇಲಿನ ಹಳೆಯ ಗೆರೆಗಳನ್ನು ಅಳಿಸಿ, ೪೧ ಅಂಗುಲ ಉದ್ದ, ೧೯ ಅಂಗುಲ ಆಳದ ಒಂದು ಚೌಕವನ್ನು ಎಳೆದೆ. “ಸುಂಕವೆಲ್ಲ ಕಳೆದು ಒಳಗೆ ಉಳಿಯೋದು ಇಷ್ಟು ಅವ್ವ. ನಿನಗೆ ಹೆಂಗೆ ಬೇಕೋ ಹಂಗೆ ಜೋಡಿಸು. ಆಮೇಲೆ ನಾನು ಗೆರೆ ಎಳೀತೀನಿ” ಎಂದೆ.

ಅವಳು ನನ್ನ ಮುಖವನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಕೆಲಸಕ್ಕೆ ತೊಡಗಿದಳು. ಬಾಗಿ ಬಾಗಿ ಅವಳ ಮಂಡಿಗೆ ನೋವಾಗಬಾರದೆಂದು ಅವಳು ನಿಂತು ತೋರಿಸಿದಂತೆ ನಾನು ಇಟ್ಟೆ. ಸಿಂಕಿನ ಕಡೆ ಮೊದಲು ಎರಡು ಊಟದ ತಟ್ಟೆಗಳನ್ನು ಅಕ್ಕಪಕ್ಕ ಇಡಿಸಿದಳು. ತೊಳೆದ ತಟ್ಟೆ ಒರಸಿ ಅಲ್ಲಿಯೇ ಇಡಬೇಕು, ಹೊತ್ತುಕೊಂಡು ತಿರುಗುವುದೇಕೆ ಎಂಬುದು ಅವಳ ವಾದ. ತಟ್ಟೆಯ ಮುಂದೆ ಮುದ್ದೆ ಕೋಲು ಅಡ್ಡಲಾಗಿ ನೆಟ್ಟಗೆ ಮಲಗಿತು. ಒಲೆಯ ಕಡೆ ಮಸಾಲೆ ಡಬ್ಬಿ, ಸೌಟುಗಳು, ಉಪ್ಪಿನ ಭರಣಿ. ನಾನು ಟೇಪು ಹಿಡಿದೆ. ಎರಡು ತಟ್ಟೆಗೆ ೨೪, ಕೈ ಹಾಕಿ ಎತ್ತಲು ಇನ್ನೆರಡೂವರೆ, ಒಟ್ಟು ಇಪ್ಪತ್ತಾರೂವರೆ. ಈಚೆಗೆ ಉಳಿದುದು ಹದಿನಾಲ್ಕೂವರೆ. ಮೂರೂವರೆಯ ಸುಂಕವನ್ನು ಎರಡಕ್ಕೂ ಸೇರಿಸಿದರೆ ಅಂಕಣಗಳು ೩೦ ಮತ್ತು ೧೮ ಅಂಗುಲ. ಕೂಡಿದರೆ ಸರಿಯಾಗಿ ೪೮!

ಆಗ ನನಗೆ ಹೊಳೆದುದನ್ನು ವಾಚಕರಿಗೂ ಹೇಳಬೇಕು. ಮುಂದೆ ಯಾರಾದರೂ ಮನೆ ಕಟ್ಟಿದರೆ ಉಪಯೋಗಕ್ಕೆ ಬಂದೀತು. ನಷ್ಟವಾಗುವುದು ಸಾಲುಗಳ ಸಂಖ್ಯೆಯಿಂದ. ಅವುಗಳ ಅಗಲವನ್ನು ಹೇಗೆ ಹಂಚಿದೆವು ಎಂಬುದರಿಂದಲ್ಲ. ೨೪ ಮತ್ತು ೨೪ ಮಾಡಿದರೂ ೪೧ ಅಂಗುಲವೇ, ೩೦ ಮತ್ತು ೧೮ ಮಾಡಿದರೂ ೪೧ ಅಂಗುಲವೇ. ಸಮಪಾಲು ಮಾಡಿದುದರಿಂದ ನನಗೆ ಒಂದು ಎಳ್ಳಿನಷ್ಟೂ ಲಾಭವಿರಲಿಲ್ಲ. ಬದಲಿಗೆ ಸಮಪಾಲಿನಲ್ಲಿ ಒಂದೊಂದು ಡ್ರಾಯರಿಗೆ ಒಂದೇ ತಟ್ಟೆ ಹಿಡಿದು, ಎಂಟೂವರೆ ಅಂಗುಲದ ತುಂಡು ಜಾಗ ಎರಡೂ ಕಡೆ ಉಳಿಯುತ್ತಿತ್ತು. ಅವ್ವನ ಹಂಚಿಕೆಯಲ್ಲಿ ಅಗಲದ್ದಕ್ಕೆ ಎರಡು, ಕಿರಿದಕ್ಕೆ ಒಂದು, ಒಟ್ಟು ಮೂರು ತಟ್ಟೆಗಳ ಅಗಲ ಒದಗಿತು. ಹದಿನಾರರಂತೆ ಮೂರು ಸಾಲು ಮಾಡಿದರೂ ಮೂರು ತಟ್ಟೆ ಹಿಡಿಯುತ್ತಿದ್ದುವು. ಆದರೆ ಅವು ಅರ್ಧ ಅಂಗುಲದ ಸಂದಿನಲ್ಲಿ ಇಕ್ಕಟ್ಟಾಗಿ ಕೂರುತ್ತಿದ್ದುವು, ಕೋಲಿಗೆ ಜಾಗವಿರುತ್ತಿರಲಿಲ್ಲ, ಚಾನೆಲ್ಲು ಒಂಬತ್ತು ಜೋಡಿ ಬೇಕಾಗುತ್ತಿತ್ತು.

ಅಷ್ಟರಿಂದಲೇ ಅವಳು ಬಿಡಲಿಲ್ಲ. ಎದುರು ಗೋಡೆಗೆ ಫ್ರಿಜ್ ಬರುವುದೆಂದೂ, ಅದಕ್ಕೂ ಕಟ್ಟೆಗೂ ನಡುವೆ ಮೂರಡಿ ಮಾತ್ರ ಉಳಿಯುವುದೆಂದೂ ಅಪ್ಪ ಹೇಳಿದ್ದರು. “ಪೆಟ್ಟಿಗೆ ಪೂರಾ ಎಳದ್ರೆ ಎಷ್ಟು ಮುಂದಕ್ಕೆ ಬತ್ತದೆ?” ಎಂದು ಕೇಳಿದಳು. ಇಪ್ಪತ್ತಂಗುಲ ಎಂದೆ. ಹಾಗಾದರೆ ಅದರ ಎದುರಿಗೆ ನಿಲ್ಲಲು ಉಳಿಯುವುದು ಹದಿನಾರಂಗುಲ. ಒಗ್ಗರಣೆ ಸಿಡಿಯುತ್ತಿರುವಾಗ ಆ ಸಂದಿನಲ್ಲಿ ಹಿಂದೆ ಸರಿಯಲಾಗದು. ಅವಳು ಒಲೆಯ ಮುಂದೆ ನಿಂತವಳಂತೆ ನಿಂತು, ಸ್ವಲ್ಪ ಬಲಕ್ಕೆ ಸಿಲಿಂಡರಿನ ಕಡೆ ಸರಿದು, ಎಡಗೈಯಿಂದ ಇಲ್ಲದ ಡ್ರಾಯರೊಂದನ್ನು ಎಳೆದಳು. “ಕಿರಿದಾಗಿದ್ರೆ ಪಕ್ಕದಲ್ಲಿ ನಿಂತ್ಕಂಡೇ ತೆಗೀಬೋದು. ಅಗಲದ್ದು ಇಲ್ಲಿ ಇದ್ರೆ ಅದರ ಎದುರಿಗೇ ನಿಲ್ಬೇಕು” ಎಂದಳು. ಪದೇ ಪದೇ ಎಳೆಯುವುದು ಕಿರಿದಾಗಿರಲಿ, ಒಲೆಯ ಹತ್ತಿರವಿರಲಿ. ಹೊತ್ತಿಗೊಮ್ಮೆ ಎಳೆಯುವುದು ಅಗಲವಾಗಿದ್ದರೂ ಚಿಂತೆಯಿಲ್ಲ, ಆಚೆಗಿರಲಿ. ಪುಸ್ತಿಕೆಯ ಬಣ್ಣದ ಪುಟಗಳಲ್ಲಿ ನಾನು ಈ ಮಾತನ್ನು ಕಂಡಿರಲಿಲ್ಲ.

ಆಚಾರ್ರು ಬಂದು ನೋಡಿ, ಮೂವತ್ತು ಅಂಗುಲದ ಡ್ರಾಯರಿಗೆ ತಳದ ಹಲಗೆ ೬ ಮಿಲಿಮೀಟರು ಸಾಲದು, ೧೨ ಮಿಲಿಮೀಟರು ಹಾಕೋಣವೆಂದರು. ಹಿಡಿಯನ್ನು ನಟ್ಟನಡುವೆ ಒಂದೇ ಕೂರಿಸಿದರೆ ಒಂದು ಕೈಯಿಂದ ಎಳೆದರೂ ಓರೆಯಾಗದೆಂದರು. ಆರು ಜೋಡಿ ಚಾನೆಲ್ಲುಗಳಲ್ಲಿ ಉಳಿದ ಹಣ ದಪ್ಪ ಹಲಗೆಗೆ ಆಯಿತು. ಅಪ್ಪ ಜೇಬಿನಿಂದ ನನ್ನ ನಕ್ಷೆಯನ್ನು ತೆಗೆದು ನನಗೇ ಹಿಂದಕ್ಕೆ ಕೊಟ್ಟರು. “ಕಲ್ಲು ಎಲ್ಲಿಗೆ?” ಎಂದು ಅವರು ಕೇಳಿದಾಗ ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ಆದರೆ ಅವರು ಕೇಳಿದುದು ಅವ್ವನನ್ನು.

“ಇಲ್ಲಿಗೆ” ಎಂದು ಅವಳು ಕಾಲಿನ ಹೆಬ್ಬೆರಳಿನಿಂದ ಗೆರೆಯನ್ನು ಮುಟ್ಟಿ ತೋರಿಸಿದಳು. ಕಲ್ಲು ಅಲ್ಲಿಗೆ ನಿಂತಿತು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ರಾಗಿಹಿಟ್ಟಿನ ದೊಡ್ಡ ಡಬ್ಬ ಯಾವ ಡ್ರಾಯರಿಗೂ ಇಳಿಯದೆ ಸಿಂಕಿನ ಅಡಿಯ ಮೂಲೆಯಲ್ಲಿ ಕುಳಿತಿದೆ. ಅದಕ್ಕಾಗಿ ಅವ್ವ ಈಗಲೂ ದಿನಕ್ಕೊಮ್ಮೆ ಬಾಗುತ್ತಾಳೆ. ಅಟ್ಟ ಸೇರಿದ ಹಬ್ಬದ ಪಾತ್ರೆಗಳನ್ನು ಇಳಿಸಲು ನಾನೇ ಹತ್ತಬೇಕು. ಮಂಡಿನೋವು ಮಾಯವಾಗಿಲ್ಲ, ಸಂಜೆಯ ಹೊತ್ತಿಗೆ ಮೊದಲಿನಷ್ಟು ಇರುವುದಿಲ್ಲವೆಂದು ಅವಳೇ ಹೇಳುತ್ತಾಳೆ.

ಈ ಲೇಖನವನ್ನು ಓದುವ ಗೆಳೆಯರಲ್ಲಿ ಅನೇಕರು ನನ್ನಂತೆಯೇ ತಮ್ಮ ತಮ್ಮ ಮನೆಯಿಂದ ಮೊದಲು ಕಾಲೇಜಿಗೆ ಬಂದವರೆಂಬುದನ್ನು ಬಲ್ಲೆ. ನಮ್ಮ ಮನೆಗಳಲ್ಲಿ ನಮ್ಮ ಮಾತಿಗೆ ಈಗ ತೂಕ ಬಂದಿದೆ. ಅರ್ಜಿಯ ವಿಷಯದಲ್ಲಿ ಅದು ನ್ಯಾಯವಾದ ತೂಕ. ಆದರೆ ಅರ್ಜಿಯಿಂದ ಆರಂಭವಾದುದು ನಮಗೆ ತಿಳಿಯದಂತೆಯೇ ಅಡಿಗೆಮನೆಯವರೆಗೂ ಬಂದುಬಿಡುತ್ತದೆ. ತಿಳಿದವರು ‘ಹೋಗ್ಲಿ ಬುಡು’ ಎಂದು ಸುಮ್ಮನಾಗುತ್ತಾರೆ. ತಿಳಿಯದ ನಾವು ನಕ್ಷೆ ಬರೆಯುತ್ತೇವೆ. ನಾನು ಆ ದಿನ ಒಂದು ಕಲ್ಲನ್ನು ತಪ್ಪಾಗಿ ನಿಲ್ಲಿಸುವುದರಲ್ಲಿದ್ದೆ. ಮುದ್ದೆ ಕೋಲು ಎರಡಡಿ ಉದ್ದವಿದ್ದುದರಿಂದ ಪಾರಾದೆ. ಒಂದೂವರೆ ಅಡಿ ಇದ್ದಿದ್ದರೆ ಅವ್ವ ಆ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲವೇನೋ.

ಗೃಹಪ್ರವೇಶವಾಗಿ ಕೆಲವು ತಿಂಗಳಾದುವು. ಮೊನ್ನೆ ಪರೀಕ್ಷೆಗೆ ಓದುತ್ತ ಕುಳಿತಿದ್ದಾಗ ಅವ್ವ ಒಳಗಿನಿಂದ ಕೂಗಿದಳು: “ಏ, ಆ ಕೋಲು ಎತ್ಕೊಡ್ಲಾ!” ಸಂಕೋಚವಿಲ್ಲದ ಹಳೆಯ ದನಿ. ಎದ್ದು ಹೋಗಿ, ಎಡಗಡೆಯ ಅಗಲದ ಡ್ರಾಯರನ್ನು ಎಳೆದು ಕೋಲನ್ನು ತೆಗೆದುಕೊಟ್ಟೆ. ಯಾವ ಡ್ರಾಯರಿನಲ್ಲಿ ಏನಿದೆಯೆಂಬುದು ಈಗ ನನಗೆ ಬಾಯಿಪಾಠ. ಮುದ್ದೆ ತಿರುವುವುದು ಮಾತ್ರ ಇನ್ನೂ ಬಾರದು. ಪರೀಕ್ಷೆ ಮುಗಿದಮೇಲೆ ಕಲಿಸುತ್ತೇನೆಂದು ಅವಳು ಹೇಳಿದ್ದಾಳೆ.